ಬುಟ್ಟಿ ಹೊತ್ತವರ ಕೈ ಸೋಲದಿರಲಿ

(ಸೆಪ್ಟೆಂಬರ್ 27, ಸಂತ ವಿನ್ಸೆಂಟ್ ದಿ ಪೌಲರ ಹಬ್ಬದ ಸಂದರ್ಭದಲ್ಲಿ)



1617ರ ಆಗಸ್ಟ್ ತಿಂಗಳ ಒಂದು ಭಾನುವಾರ. ಫ್ರಾನ್ಸ್ ದೇಶದ ಶಾತಿಯೋಂ ಎಂಬ ಊರಿನ ದೇವಾಲಯದಲ್ಲಿ ಗುರುಗಳೊಬ್ಬರು ಬಲಿಪೂಜೆಗೆ ಉಡುಪು ತೊಡುತ್ತಿದ್ದಾಗ ಯಾರೋ ಬಂದು ಒಂದು ಸುದ್ದಿ ಹೇಳಿದರು. ಊರಾಚೆಯ ಒಂದು ಮನೆಯಲ್ಲಿ ಇಡೀ ಕುಟುಂಬವೇ ಕಾಯಿಲೆ ಬಿದ್ದಿದೆ, ಒಬ್ಬರು ಇನ್ನೊಬ್ಬರನ್ನು ನೋಡಿಕೊಳ್ಳುವ ಸ್ಥಿತಿಯಲ್ಲೂ ಇಲ್ಲ ಎಂದು. ಗುರುಗಳು ಪ್ರಬೋಧನೆಯಲ್ಲಿ ಆ ಮಾತನ್ನೇ ಎತ್ತಿದರು. ಮಧ್ಯಾಹ್ನದ ಮೇಲೆ ತಾವೂ ಆ ಮನೆಯ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಹೆಂಗಸರು! ಕೆಲವರು ಊಟ ಹೊತ್ತು ಹೋಗುತ್ತಿದ್ದಾರೆ, ಕೆಲವರು ಕೊಟ್ಟು ಹಿಂದಿರುಗುತ್ತಿದ್ದಾರೆ, ಇನ್ನು ಕೆಲವರು ಬಿಸಿಲು ತಾಳಲಾರದೆ ದಾರಿಬದಿಯಲ್ಲಿ ಕುಳಿತಿದ್ದಾರೆ. ನೋಡಿದವರು ಮೆರವಣಿಗೆ ಎನ್ನಬೇಕು, ಅಷ್ಟು ಜನ.

ಆ ಗುರುಗಳೇ ಸಂತ ವಿನ್ಸೆಂಟ್ ದಿ ಪೌಲ್. ಬೇರೆ ಯಾರಾದರೂ ಆಗಿದ್ದರೆ ತಮ್ಮ ಪ್ರಬೋಧನೆ ಫಲಿಸಿತೆಂದು ಹಿಗ್ಗಿ ಮನೆಗೆ ಹೋಗುತ್ತಿದ್ದರೇನೋ. ವಿನ್ಸೆಂಟರಿಗೆ ಬಂದದ್ದು ಚಿಂತೆ. ಈ ದಿನ ಆ ಮನೆಗೆ ತಿನ್ನಲಾರದಷ್ಟು ಊಟ ಬಂದಿದೆ, ಅದರಲ್ಲಿ ಅರ್ಧ ಹಳಸಿಹೋಗುತ್ತದೆ. ನಾಳೆಯ ಪಾಡೇನು, ನಾಡಿದ್ದಿನದೇನು? ಮೂರು ದಿನ ಕಳೆಯುವುದರೊಳಗೆ ಅವರು ಊರಿನ ಹೆಂಗಸರಲ್ಲಿ ಕೆಲವರನ್ನು ಕೂಡಿಸಿ, ಒಬ್ಬೊಬ್ಬರಿಗೆ ಒಂದೊಂದು ದಿನದ ಸರದಿ ಗೊತ್ತುಮಾಡಿದರು. ಅದೇ ವರ್ಷ ಡಿಸೆಂಬರ್ 8ರಂದು ಆ ಸಂಘ ವಿಧಿಪೂರ್ವಕವಾಗಿ ಸ್ಥಾಪನೆಯಾಯಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಸ್ವಯಂಸೇವಕರ ಮಾತು ಬಂದಾಗಲೆಲ್ಲ ಒಂದೇ ದೂರು ಕೇಳುತ್ತೇವೆ: ಈಗಿನವರಿಗೆ ಸೇವೆಯ ಮನಸ್ಸಿಲ್ಲ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಸಭಾಂಗಣದಲ್ಲಿ ಬಟ್ಟೆಯ ಮೂಟೆಗಳನ್ನಿಡಲು ಜಾಗ ಸಾಲಲಿಲ್ಲ. ವಿಂಗಡಿಸಲು ಮೊದಲ ಎರಡು ದಿನ ನಲವತ್ತು ಜನ, ಹತ್ತನೆಯ ದಿನ ನಾಲ್ಕು ಜನ. ಆ ನಲವತ್ತು ಮಂದಿಗೆ ಮನಸ್ಸಿಲ್ಲದಿದ್ದರೆ ಅವರು ಬರುತ್ತಲೇ ಇರಲಿಲ್ಲ. ಶಾತಿಯೋಂ ಊರಿನ ದಾರಿಯಲ್ಲಿ ಮನಸ್ಸು ಬೇಕಾದಷ್ಟಿತ್ತು. ಇಲ್ಲದ್ದು ಸರದಿ, ಮತ್ತು ಸರದಿ ಬರೆಯಬೇಕೆಂದು ಯೋಚಿಸುವ ಒಬ್ಬರು.

ಆ ಸಂಘಕ್ಕೆ ವಿನ್ಸೆಂಟರು ಬರೆದುಕೊಟ್ಟ ನಿಯಮಾವಳಿ ಓದತಕ್ಕದ್ದು. ಊಟ ಹೇಗೆ ಬಡಿಸಬೇಕು, ರೋಗಿಯನ್ನು ಹೇಗೆ ಮಾತನಾಡಿಸಬೇಕು, ಎಲ್ಲವೂ ಅದರಲ್ಲಿದೆ. ಜೊತೆಗೆ ಯಾರಾದರೂ ಇರುವ ರೋಗಿಗೆ ಮೊದಲು ಬಡಿಸಿ, ಒಂಟಿಯಾಗಿರುವ ರೋಗಿಯ ಬಳಿಗೆ ಕೊನೆಗೆ ಹೋಗಬೇಕು. ಏಕೆಂದರೆ ಅಲ್ಲಿ ಹೆಚ್ಚು ಹೊತ್ತು ಕುಳಿತುಕೊಳ್ಳಬಹುದು! ಇಂಥ ಮಾತು ಸ್ವತಃ ರೋಗಿಯ ಬಳಿ ಕೂತವರಿಗೆ ಮಾತ್ರ ಹೊಳೆಯುತ್ತದೆ. ಸೇವೆಗೆ ಹೊಸದಾಗಿ ಬರುವವರಿಗೆ ನಾವು ಒಂದು ಬ್ಯಾಡ್ಜ್ ಕೊಟ್ಟು ‘ಹೋಗಿ ಬನ್ನಿ’ ಎನ್ನುತ್ತೇವೆ. ಏನು ಮಾಡಬೇಕೆಂದು ತಿಳಿಯದವರು ಬಾಗಿಲಲ್ಲೇ ನಿಂತು, ಮುಜುಗರಪಟ್ಟು, ಮುಂದಿನ ವಾರ ಬರುವುದನ್ನು ಬಿಡುತ್ತಾರೆ. ಉತ್ಸಾಹ ತಗ್ಗಲು ಆಯಾಸವೇ ಬೇಕಿಲ್ಲ, ಮುಜುಗರ ಸಾಕು.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಭಾಗವಿದೆ. ಸಂಘದ ಸದಸ್ಯೆಯರು ಒಬ್ಬರನ್ನೊಬ್ಬರು ಪ್ರೀತಿಸಬೇಕು, ಕಷ್ಟದಲ್ಲೂ ಕಾಯಿಲೆಯಲ್ಲೂ ಪರಸ್ಪರ ಭೇಟಿ ನೀಡಿ ಸಂತೈಸಬೇಕು, ತಮ್ಮಲ್ಲೊಬ್ಬರು ತೀರಿಕೊಂಡರೆ ಎಲ್ಲರೂ ಕೂಡಿ ಅಂತ್ಯಕ್ರಿಯೆಗೆ ಹೋಗಬೇಕು ಎಂದು. ಬಡವರ ಸೇವೆಗಾಗಿ ಬರೆದ ಕಟ್ಟಳೆಯಲ್ಲಿ ಸೇವಕಿಯರನ್ನು ನೋಡಿಕೊಳ್ಳುವ ಕಟ್ಟಳೆಯೂ ಸೇರಿತು.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಕಾರಣ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ನಮ್ಮ ಸೇವಾ ಸಂಘದ ಕಾರ್ಯದರ್ಶಿಯಾಗಿದ್ದೆ. ನಮ್ಮಲ್ಲಿ ಒಬ್ಬ ಮಹಿಳೆ ಹನ್ನೊಂದು ವರ್ಷಗಳಿಂದ ಪ್ರತಿ ಬುಧವಾರ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿ ಬರುತ್ತಿದ್ದರು. ಯಾವ ಕೆಲಸಕ್ಕೂ ಇಲ್ಲ ಎಂದವರಲ್ಲ. ಆದ್ದರಿಂದಲೇ ಹಬ್ಬದ ಅಡುಗೆಯ ಲೆಕ್ಕ, ಆರೋಗ್ಯ ಶಿಬಿರದ ಹೆಸರು ನೋಂದಣಿ, ಎಲ್ಲವನ್ನೂ ಅವರಿಗೇ ಹೊರಿಸಿದೆವು. ಒಂದು ಬುಧವಾರ ಅವರು ಬರಲಿಲ್ಲ. ಮರುವಾರವೂ ಇಲ್ಲ. ನಾನು ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗೈರುಹಾಜರಿ ಗುರುತು ಹಾಕುತ್ತ ಹೋದೆ. ಎಂಟು ಬಾರಿ ಹಾಕಿದೆ. ಅವರ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಎರಡು ತಿಂಗಳಾದ ಮೇಲೆ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯೇ ನನ್ನನ್ನು ಕೇಳಿದರು: ‘ಆ ಹುಡುಗಿಗೆ ಏನಾಯ್ತು? ಯಾರಾದರೂ ಹೋಗಿ ನೋಡಿದಿರಾ?’ ಹುಡುಗಿಗೆ ಆಗ ಐವತ್ತೆಂಟು ವರ್ಷ.

ಹೋಗಿ ನೋಡಿದೆವು. ಅವರ ಪತಿಗೆ ಪಾರ್ಶ್ವವಾಯು ಬಡಿದಿತ್ತು.

ನಮ್ಮ ಸಂಘದ ದಿನಚರಿ ಪುಸ್ತಕದಲ್ಲಿ ಬಡವರ, ರೋಗಿಗಳ, ವಿಧವೆಯರ ಪಟ್ಟಿ ಇತ್ತು. ಸೇವೆ ಮಾಡುವವರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಬರೆಯಲು ಒಂದು ಪುಟವೂ ಇರಲಿಲ್ಲ.

ವಿನ್ಸೆಂಟರ ಸಂಘಗಳು ಊರೂರಿಗೆ ಹಬ್ಬಿದವು, ಕೆಲವು ಕುಂಟತೊಡಗಿದವು. 1629ರಲ್ಲಿ ಅವರು ಸಂತ ಲೂಯಿಸ್ ದೆ ಮರಿಲ್ಲಾಕ್ ಅವರನ್ನು ಆ ಸಂಘಗಳನ್ನು ನೋಡಿ ಬರಲು ಕಳುಹಿಸಿದರು. ಲೂಯಿಸ್ ಆಗ ವಿಧವೆ, ಒಬ್ಬ ಮಗನ ತಾಯಿ, ಗಟ್ಟಿ ಆರೋಗ್ಯದವರೂ ಅಲ್ಲ. ಅವರು ಲೆಕ್ಕಪತ್ರ ನೋಡಿದರು, ಸದಸ್ಯೆಯರೊಡನೆ ಕುಳಿತು ಮಾತನಾಡಿದರು, ಸೋತವರಿಗೆ ಧೈರ್ಯ ತುಂಬಿದರು. ಇತ್ತ ವಿನ್ಸೆಂಟರು ಅವರಿಗೆ ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಮಾತೆಂದರೆ ಆರೋಗ್ಯ ನೋಡಿಕೊಳ್ಳಿ, ಅತಿಯಾಗಿ ದಣಿಯಬೇಡಿ ಎಂಬುದು. ಮೇಲ್ವಿಚಾರಕಿಗೂ ಒಬ್ಬ ಮೇಲ್ವಿಚಾರಕರು ಬೇಕು ಎಂಬುದು ಅವರಿಗೆ ತಿಳಿದಿತ್ತು.

ಪ್ಯಾರಿಸ್ಸಿನಲ್ಲಿ ಇನ್ನೊಂದು ತೊಡಕು. ಅಲ್ಲಿನ ಸಿರಿವಂತ ಮಹಿಳೆಯರು ತಮ್ಮ ಸರದಿ ಬಂದಾಗ ಮನೆಯ ಆಳುಗಳ ಕೈಯಲ್ಲಿ ಊಟ ಕಳುಹಿಸತೊಡಗಿದರು. ಅವರನ್ನು ಗದರಿಸಿದ್ದರೆ ಸಂಘವೇ ಮುರಿಯುತ್ತಿತ್ತು. ಅವರು ಹಣ ಕೂಡಿಸಬಲ್ಲರು, ಅಧಿಕಾರಿಗಳೊಡನೆ ಮಾತನಾಡಬಲ್ಲರು. ಆ ಕೆಲಸ ಅವರಿಗೇ ಇರಲಿ ಎಂದಾಯಿತು. ರೋಗಿಗಳ ಹಾಸಿಗೆಯ ಬಳಿ ನಿಲ್ಲಲು ಹಳ್ಳಿಯ ಹೆಣ್ಣುಮಕ್ಕಳು ಮುಂದೆ ಬಂದರು. ಅವರಿಂದಲೇ 1633ರಲ್ಲಿ ದಾನಶೀಲತೆಯ ಪುತ್ರಿಯರ ಸಂಸ್ಥೆ ಹುಟ್ಟಿತು. ಒಬ್ಬರಿಂದ ಆಗದ ಕೆಲಸವನ್ನು ಅವರಿಗೇ ಹೊರಿಸಿ ಆಮೇಲೆ ‘ಭಕ್ತಿ ಸಾಲದು’ ಎನ್ನುವ ಚಾಳಿ ನಮ್ಮಲ್ಲಿ ಇಂದಿಗೂ ಇದೆ.

ಇನ್ನೂರು ವರ್ಷ ಕಳೆದು, 1833ರ ಏಪ್ರಿಲ್ 23ರಂದು ಅದೇ ಪ್ಯಾರಿಸ್ಸಿನಲ್ಲಿ ಒಂದು ಪತ್ರಿಕೆಯ ಕಚೇರಿಯಲ್ಲಿ ಕೆಲವೇ ವಿದ್ಯಾರ್ಥಿಗಳು ಸೇರಿದರು. ಅವರಲ್ಲೊಬ್ಬರಾದ ಫ್ರೆಡ್ರಿಕ್ ಓಝಾನಮ್‌ಗೆ ಅಂದೇ ಇಪ್ಪತ್ತು ತುಂಬಿತ್ತು. ಬಡವರಿಗೆ ನೆರವಾಗಬೇಕೆಂಬ ಆಸೆ ಇತ್ತು, ಬಡವರ ಮನೆಯ ದಾರಿ ಗೊತ್ತಿರಲಿಲ್ಲ. ಆ ದಾರಿ ತೋರಿಸಿದವರು ಸಿಸ್ಟರ್ ರೋಸಲಿ ರೆಂದೂ. ಯಾವ ಮನೆಗೆ ಹೋಗಬೇಕೆಂದು ಪಟ್ಟಿ ಕೊಟ್ಟು, ಕೊಡಲು ರೊಟ್ಟಿಯ ಚೀಟಿ ಕೊಟ್ಟು, ಬಡವರ ಮುಂದೆ ಹೇಗೆ ನಡೆದುಕೊಳ್ಳಬೇಕೆಂದು ಕಲಿಸಿ ಕಳುಹಿಸಿದರು. ಇಂದು ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದಿ ಪೌಲ್ ಸಭೆ ಬೆಳೆದದ್ದು ಆ ಪಟ್ಟಿಯಿಂದ. ಓಝಾನಮ್ 1997ರಲ್ಲಿ, ರೋಸಲಿ 2003ರಲ್ಲಿ ಧನ್ಯರೆಂದು ಘೋಷಿತರಾದರು.

ಆ ಸಭೆಯವರ ಎರಡು ಅಭ್ಯಾಸಗಳು ನನಗೆ ಬಹಳ ಹಿಡಿಸುತ್ತವೆ. ಮನೆಭೇಟಿಗೆ ಇಬ್ಬಿಬ್ಬರಾಗಿ ಹೋಗುವುದು ಒಂದು. ಪ್ರಭು ಯೇಸುವೂ ಎಪ್ಪತ್ತೆರಡು ಶಿಷ್ಯರನ್ನು ಇಬ್ಬಿಬ್ಬರಾಗಿಯೇ ಕಳುಹಿಸಿದರಲ್ಲವೇ? ಕಷ್ಟದ ಮನೆಯೊಂದನ್ನು ನೋಡಿ ಬಂದವನ ಎದೆ ಭಾರವಾಗಿರುತ್ತದೆ. ಹಿಂದಿರುಗುವ ದಾರಿಯಲ್ಲಿ ಹೇಳಿಕೊಳ್ಳಲು ಒಬ್ಬರು ಬೇಕು. 2020 ಮತ್ತು 2021ರಲ್ಲಿ ಕೋವಿಡ್‌ನಿಂದ ಸತ್ತವರನ್ನು ಮಣ್ಣುಮಾಡಲು ಬೆಂಗಳೂರಿನಲ್ಲಿ ನಮ್ಮ ಯುವಜನರು ಮುಂದೆ ಬಂದರು. ಅವರನ್ನು ಸನ್ಮಾನಿಸಿದ್ದೇವೆ, ಶಾಲು ಹೊದಿಸಿದ್ದೇವೆ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದವರು ಎಷ್ಟು ಮಂದಿ? ಇನ್ನೊಂದು ಅಭ್ಯಾಸ, ಗುಂಪು ಸಣ್ಣದಿರಬೇಕೆಂಬುದು. ಒಂದೆರಡು ವರ್ಷದಲ್ಲೇ ಸದಸ್ಯರು ನೂರು ದಾಟಿದಾಗ ಸಂಘವನ್ನು ಭಾಗ ಮಾಡಬೇಕೋ ಬೇಡವೋ ಎಂದು ದೊಡ್ಡ ಚರ್ಚೆಯೇ ನಡೆಯಿತು. ಗೆಳೆಯರು ಅಗಲಲು ಒಪ್ಪಲಿಲ್ಲ. ಕೊನೆಗೆ 1835ರಲ್ಲಿ ಭಾಗ ಮಾಡಿದರು. ನೂರು ಜನರಲ್ಲಿ ಒಬ್ಬ ಬಾರದಿದ್ದರೆ ಗೊತ್ತಾಗದು, ಹನ್ನೆರಡರಲ್ಲಿ ಒಬ್ಬ ಬಾರದಿದ್ದರೆ ಕುರ್ಚಿಯೇ ಹೇಳುತ್ತದೆ.

ವಿಮೋಚನಕಾಂಡದ ಹದಿನೆಂಟನೆಯ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ಕುಳಿತು ಜನರ ವ್ಯಾಜ್ಯ ತೀರಿಸುವುದನ್ನು ಅವರ ಮಾವ ಕಂಡು, ಇದರಿಂದ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಕೆಲಸ ಹಂಚು ಎಂದು ಬುದ್ಧಿ ಹೇಳುತ್ತಾರೆ. ಗಮನಿಸಿ, ಮೋಶೆ ತಾವಾಗಿ ದೂರಲಿಲ್ಲ. ಹೊರಗಿನಿಂದ ಬಂದವರೊಬ್ಬರು ಕಂಡು ಹೇಳಬೇಕಾಯಿತು. ಸೇವೆಯಲ್ಲಿ ಮುಳುಗಿದವರು ತಮ್ಮ ದಣಿವನ್ನು ತಾವೇ ಹೇಳುವುದು ಕಡಿಮೆ. ಹೇಳಿದರೆ ಭಕ್ತಿ ಕಡಿಮೆಯಾಯಿತೆಂದು ತಿಳಿದಾರು ಎಂಬ ಅಂಜಿಕೆ. ಪ್ರೇಷಿತರು ಊರೂರು ಸುತ್ತಿ ಬಂದು ತಾವು ಮಾಡಿದ್ದನ್ನೆಲ್ಲ ಯೇಸುವಿಗೆ ಹೇಳಿಕೊಂಡಾಗಲೂ ಅವರು ಮುಂದಿನ ಊರಿನ ಹೆಸರು ಹೇಳಲಿಲ್ಲ, ಏಕಾಂತ ಸ್ಥಳಕ್ಕೆ ಬಂದು ವಿಶ್ರಮಿಸಿರೆಂದು ಕರೆದರು.

ಕೆಲವು ಸಣ್ಣ ಮಾತುಗಳಿವೆ, ಸಣ್ಣವೆಂದು ಬಿಡಬಾರದು. ಬಸ್ಸಿನ ಖರ್ಚನ್ನು ಸಂಘವೇ ಕೊಡಲಿ, ಕೇಳುವವರೆಗೆ ಕಾಯದಿರಲಿ. ದಿನಗೂಲಿಯವರು ಸೇವೆಗೆ ಬಾರದಿರಲು ಎಷ್ಟೋ ಸಲ ಇದೇ ಕಾರಣ. ಕೆಲಸಕ್ಕೆ ಅವಧಿ ಗೊತ್ತುಮಾಡಿ. ‘ಆರು ತಿಂಗಳು’ ಎಂದರೆ ಒಪ್ಪುವವರು ‘ಕೊನೆಯವರೆಗೆ’ ಎಂದರೆ ಓಡುತ್ತಾರೆ, ಓಡುವುದು ಸಹಜವೂ ಹೌದು. ನೆರವು ಪಡೆದ ಮಗು ಪರೀಕ್ಷೆ ಪಾಸಾದರೆ ಆ ಸುದ್ದಿ ಅಧ್ಯಕ್ಷರಲ್ಲೇ ಉಳಿಯದೆ, ಅಕ್ಕಿ ಅಳೆದುಕೊಟ್ಟವರಿಗೂ ತಲುಪಲಿ. ಕೃತಜ್ಞತೆಗೆ ವರ್ಷಕ್ಕೊಂದು ಸಮಾರಂಭ ಇರಲಿ, ಬೇಡವೆನ್ನುವುದಿಲ್ಲ. ಆದರೆ ಹೆಸರು ತಪ್ಪಾಗಿ ಮುದ್ರಿಸಿದ ಪ್ರಶಸ್ತಿಪತ್ರ ಕೊಡುವುದಕ್ಕಿಂತ ಒಂದು ಸಂಜೆ ಅವರ ಮನೆಯಲ್ಲಿ ಕಾಫಿ ಕುಡಿದು ಬರುವುದು ಮೇಲು.

ಆ ಮಹಿಳೆಯ ವಿಷಯ ಅರ್ಧಕ್ಕೆ ಬಿಟ್ಟೆ. ಕ್ಷಮೆ ಕೇಳಿದೆವು. ಅವರು ನಮ್ಮನ್ನು ಬೈಯಲಿಲ್ಲ, ಚಹಾ ಕೊಟ್ಟರು. ಅಂದಿನಿಂದ ನಮ್ಮ ಸಂಘದವರು ಇಬ್ಬಿಬ್ಬರಾಗಿ ಬುಧವಾರ ಅವರ ಮನೆಗೂ ಹೋಗತೊಡಗಿದರು. ಪತಿಯ ಬಳಿ ಒಂದು ಗಂಟೆ ಕುಳಿತರೆ ಅವರಿಗೆ ಪೂಜೆಗೋ ಅಂಗಡಿಗೋ ಹೋಗಲು ಬಿಡುವು. ಒಂದು ವರ್ಷದ ಮೇಲೆ ಅವರೇ ಹೇಳಿದರು, ಮನೆಮನೆಗೆ ಬರಲಾರೆ, ಆದರೆ ಫೋನ್ ಮಾಡಬಲ್ಲೆ ಎಂದು. ಈಗ ಪಟ್ಟಿ ಅವರ ಕೈಯಲ್ಲಿದೆ. ಯಾರಾದರೂ ಒಂದು ವಾರ ಬಾರದಿದ್ದರೆ ಅಂದು ಸಂಜೆಯೇ ಅವರ ಕರೆ ಬರುತ್ತದೆ. ಕಳೆದ ತಿಂಗಳು ಜ್ವರವೆಂದು ನಾನು ಹೋಗಿರಲಿಲ್ಲ. ಏಳು ಗಂಟೆಗೆ ಫೋನ್ ಬಂತು, ಎಂಟಕ್ಕೆ ಅವರ ಮಗನ ಕೈಯಲ್ಲಿ ಗಂಜಿ.