ದೂರದರ್ಶನದ ಮುದ್ರಿಕೆಯೂ ಹಬ್ಬದ ಅಲಂಕಾರವೂ

ಪದಕಾರನು ಪದದ ಕೊನೆಯಲ್ಲಿ ಅಂಕಿತವನ್ನಿಡುವಂತೆ, ದೂರದರ್ಶನದ ವಾಹಿನಿಗಳು ಕಾರ್ಯಕ್ರಮಗಳ ಸಂಧಿಯಲ್ಲಿ ತಮ್ಮ ಗುರುತನ್ನು ಚಿತ್ರದಿಂದಲೂ ನಾದದಿಂದಲೂ ಪ್ರಕಟಿಸುವುವು. ಇದಕ್ಕೆ ‘ಲಾಂಛನ’ವೆಂಬ ಹೆಸರು ಸಾಲದು, ಅದು ಚಿತ್ರವನ್ನಲ್ಲದೆ ನಾದವನ್ನು ಒಳಗೊಳ್ಳದು. ‘ಮುದ್ರಿಕೆ’ಯೆಂಬುದೇ ಯುಕ್ತವಾದ ಪದವು. ಚಿಂತಾಮಣಿ ಸೀಮೆಯ ಕೈವಾರದ ನಾರೇಯಣ ತಾತನವರು ತೆಲುಗಿನಲ್ಲಿ ಹಾಡಲಿ, ಕನ್ನಡದಲ್ಲಿ ಹಾಡಲಿ, ‘ಅಮರನಾರೇಯಣ’ನೆಂಬ ಅಂಕಿತದಿಂದ ಕರ್ತೃವು ಇಂಥವರೆಂದು ತಿಳಿಯುವುದು. ಭಾಷೆಯು ಬೇರೆಯಾದರೂ ಅಂಕಿತವು ಬೇರೆಯಾಗದು.

ಹಾಗಾದರೆ ಮುದ್ರಿಕೆಯು ಪರ್ವಕಾಲಕ್ಕೆ ತಕ್ಕಂತೆ ಮಾರ್ಪಡಬಹುದೇ ಎಂಬ ಶಂಕೆಯುಂಟಾಗುತ್ತದೆ. 1976ರಲ್ಲಿ ಆಕಾಶವಾಣಿಯಿಂದ ಬೇರ್ಪಟ್ಟ ನಮ್ಮ ದೂರದರ್ಶನವು ಕಣ್ಣಿನಾಕಾರದ ಚಿತ್ರವನ್ನೂ ಪಂಡಿತ ರವಿಶಂಕರರ ಸ್ವರಸಂಯೋಜನೆಯನ್ನೂ ಬಹುಕಾಲ ಉಳಿಸಿಕೊಂಡಿತು. ಆ ನಾದವನ್ನು ಕೇಳಿದ ಮಾತ್ರಕ್ಕೆ ಜನರು ವಾಹಿನಿಯನ್ನು ಗುರುತಿಸುತ್ತಿದ್ದರು. ಇಂಗ್ಲೆಂಡಿನ ಬಿ.ಬಿ.ಸಿ.ಯ ಒಂದನೆಯ ವಾಹಿನಿಯಾದರೋ ಕ್ರಿಸ್ಮಸ್ ಕಾಲದಲ್ಲಿ ನಿತ್ಯದ ಚಿತ್ರವನ್ನು ಬಿಟ್ಟು ಹಬ್ಬದ ಚಿತ್ರವನ್ನು ತೋರಿಸುವ ರೂಢಿಯನ್ನಿಟ್ಟುಕೊಂಡಿದೆ. ಆದರೆ ಅದರ ಮೇಲೆ ವಾಹಿನಿಯ ಹೆಸರು ಹಾಗೆಯೇ ನಿಲ್ಲುವುದು.

ಇವೆರಡಕ್ಕೂ ವಿರೋಧವಿಲ್ಲ. ಉತ್ಸವಮೂರ್ತಿಗೆ ದಿನಕ್ಕೊಂದು ಅಲಂಕಾರವಾದರೂ ಮೂರ್ತಿಯು ಒಂದೇ. ಹೆಸರು ಸ್ಥಿರವಾಗಿರುವಲ್ಲಿ ವೇಷಭೇದವು ದೋಷವಲ್ಲ, ಹಬ್ಬದ ಸಂತೋಷಕ್ಕೆ ಪೋಷಕವೇ ಸರಿ. ಅಲಂಕಾರದಲ್ಲಿ ಹೆಸರೇ ಮರೆಯಾದರೆ ಮಾತ್ರ ಅದು ಮುದ್ರಿಕೆಯೆನಿಸದು. ಅಂಕಿತವಿಲ್ಲದ ಪದದಂತೆ ಯಾರದೆಂದು ತಿಳಿಯದೆ ಹೋಗುವುದು.