ಅಂಕಿ ಉಳಿದ ಮಾತ್ರಕ್ಕೆ ಮೊತ್ತ ಸಿಗದು

ಪಠ್ಯದಿಂದ ಸಂಖ್ಯೆ ಬೇಕೇ? ರೆಗ್ಯುಲರ್ ಎಕ್ಸ್‌ಪ್ರೆಶನ್ ಹಾಕಿ ಅಂಕಿಯಲ್ಲದ್ದನ್ನೆಲ್ಲ ಅಳಿಸಿ, ಉಳಿದದ್ದೇ ಸಂಖ್ಯೆ. ಜಾವಾಸ್ಕ್ರಿಪ್ಟ್ ಬರೆಯುವವರಲ್ಲಿ ಬೇರೂರಿರುವ ಈ ನಂಬಿಕೆ ಎಷ್ಟು ಲೆಕ್ಕಗಳನ್ನು ಕೆಡಿಸೀತು ಎಂಬುದನ್ನು ಯಾರೂ ಯೋಚಿಸುತ್ತಿಲ್ಲ.

‘ರೂ. 1,250.50’ ಎಂಬ ಬಿಲ್ಲಿನ ಮೊತ್ತವನ್ನೇ ತೆಗೆದುಕೊಳ್ಳಿ. ಅಂಕಿ ಬಿಟ್ಟು ಮಿಕ್ಕದ್ದನ್ನೆಲ್ಲ ಅಳಿಸಿದರೆ 125050 ಉಳಿಯುತ್ತದೆ. ಮೊತ್ತ ನೂರು ಪಟ್ಟಾಯಿತು, ದೋಷದ ಸಂದೇಶ ಮಾತ್ರ ಎಲ್ಲೂ ಬರಲಿಲ್ಲ. ‘-40’ ಎಂದಿದ್ದರೆ ಅದು 40 ಆಗುತ್ತದೆ, ಕೊಡಬೇಕಾದ ಹಣ ಬರಬೇಕಾದ ಹಣವಾಗುತ್ತದೆ. ಚುಕ್ಕಿಯನ್ನೂ ಉಳಿಸಿಕೊಂಡರಾಯಿತು ಎನ್ನುವವರಿದ್ದಾರೆ. ಆಗ ‘ರೂ.’ ಪಕ್ಕದ ಚುಕ್ಕಿಯೂ ಉಳಿದು ‘.1250.50’ ಆಗುತ್ತದೆ, ಪಾರ್ಸ್‌ಫ್ಲೋಟ್ ಅದನ್ನು 0.125 ಎಂದು ಓದುತ್ತದೆ. ಸಾವಿರದ ಇನ್ನೂರೈವತ್ತು ರೂಪಾಯಿ ಹನ್ನೆರಡೂವರೆ ಪೈಸೆಗೆ ಇಳಿಯಿತು!

ಅಳಿಸಬೇಡಿ, ಹುಡುಕಿ. ಇದ್ದರೆ ಮೈನಸ್, ಆಮೇಲೆ ಒಂದು ಅಂಕಿ, ನಂತರ ಅಂಕಿ ಅಥವಾ ಅಲ್ಪವಿರಾಮ ಎಷ್ಟಾದರೂ, ಕೊನೆಗೆ ಇದ್ದರೆ ಚುಕ್ಕಿ ಮತ್ತು ಅಂಕಿಗಳು: ಈ ಆಕಾರವನ್ನು ಮ್ಯಾಚ್‌ಗೆ ಕೊಟ್ಟರೆ ‘1,250.50’ ಇಡಿಯಾಗಿ ಸಿಗುತ್ತದೆ. ಅಲ್ಪವಿರಾಮ ತೆಗೆದು ನಂಬರ್‌ಗೆ ಒಪ್ಪಿಸಿ. ಇದೂ ಎಲ್ಲ ಕಡೆ ನಡೆಯುವುದಿಲ್ಲ. ‘15-08-1947’ರ ಮೇಲೆ ಓಡಿಸಿದರೆ 15, -08, -1947 ಎಂಬ ಮೂರು ತುಂಡು ಬರುತ್ತವೆ. ಜರ್ಮನ್ನರು ಬರೆಯುವ ‘1.250,50’ಕ್ಕೆ ಬೇರೆಯದೇ ಮಾದರಿ ಬೇಕು.

ಪಾರ್ಸ್‌ಇಂಟ್‌ಗೆ ಅಲ್ಪವಿರಾಮ ಗೊತ್ತು ಎಂಬುದೂ ಸುಳ್ಳು. ‘1,25,000’ ಕೊಟ್ಟರೆ ಅದು 1 ಎಂದು ಓದಿ ನಿಲ್ಲುತ್ತದೆ. ‘ಬ್ಯಾಕ್‌ಸ್ಲ್ಯಾಷ್ ಡಿ’ ಎಲ್ಲ ಲಿಪಿಗಳ ಅಂಕಿಯನ್ನೂ ಹಿಡಿಯುತ್ತದೆ ಎಂಬುದು ಪೈಥಾನ್ 3ರಲ್ಲಿ ನಿಜ, ಜಾವಾಸ್ಕ್ರಿಪ್ಟ್‌ನಲ್ಲಿ ಅದಕ್ಕೆ 0ಯಿಂದ 9 ಮಾತ್ರ ಗೊತ್ತು, ನಮ್ಮ ‘೧೨೫’ ಕಾಣುವುದೇ ಇಲ್ಲ. ಮ್ಯಾಚ್ ಹಿಂದಿರುಗಿಸುವುದು ಪಠ್ಯವನ್ನು, ಸಂಖ್ಯೆಯನ್ನಲ್ಲ. ಹಾಗೇ ಕೂಡಿಸಿದರೆ 12 ಮತ್ತು 5 ಸೇರಿ 125 ಆಗುತ್ತದೆ.

ಇವೆಲ್ಲ ಎರಡು ನಿಮಿಷದಲ್ಲಿ ಪರೀಕ್ಷಿಸಬಹುದಾದ ಸಂಗತಿಗಳು. ಆದರೂ ‘ಎಬಿಸಿ123’ರ ಮೇಲೆ ಸರಿಯಾಗಿ ಓಡಿದ ಸಾಲನ್ನು ನಕಲು ಮಾಡಿ, ಜನರ ದುಡ್ಡಿನ ಲೆಕ್ಕಕ್ಕೆ ಅಂಟಿಸುತ್ತಾರೆ. ಹಿಂದೆ ಯಾರೋ ಹೇಳಿದ್ದನ್ನು ನಂಬುತ್ತಿದ್ದರು, ಈಗ ಎಐ ಬರೆದುಕೊಟ್ಟದ್ದನ್ನು ನಂಬುತ್ತಾರೆ. ಓಡಿಸಿ ನೋಡುವ ಅಭ್ಯಾಸ ಆಗಲೂ ಇರಲಿಲ್ಲ, ಈಗಲೂ ಇಲ್ಲ. ದಯವಿಟ್ಟು ನಿಮ್ಮ ಕೋಡನ್ನು ‘ದರ ಲಭ್ಯವಿಲ್ಲ’ ಎಂಬ ಸಾಲಿನ ಮೇಲೂ ಒಮ್ಮೆ ಓಡಿಸಿ. ಎಲ್ಲ ಅಳಿಸಿದ ಮೇಲೆ ಉಳಿಯುವುದು ಖಾಲಿ ಪಠ್ಯ, ಅದನ್ನು ಜಾವಾಸ್ಕ್ರಿಪ್ಟ್‌ನ ನಂಬರ್ 0 ಎಂದು ಓದುತ್ತದೆ.