ಕೂಲಿಯಾಳಿನ ಮನಸ್ಸು, ಹೊಲದ ಕೆಲಸ



ಬೆಂಗಳೂರಿಗೆ ಬಂದಾಗ ಬೆಳಗಿನ ಹೊತ್ತು ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ ಸ್ವಲ್ಪ ನಿಂತು ನೋಡಿ. ಹೊಸಕೋಟೆ, ಕೋಲಾರದ ಕಡೆಯಿಂದ ಬರುವ ಬಸ್ಸುಗಳಿಂದ ಊಟದ ಡಬ್ಬಿ ಹಿಡಿದವರು ಇಳಿಯುತ್ತಲೇ ಇರುತ್ತಾರೆ. ಅವರಲ್ಲಿ ನಿಮ್ಮ ಊರಿನವರೂ ಇರಬಹುದು. ಹಿಂದೆ ನಿಮ್ಮ ರಾಗಿ ಹೊಲದಲ್ಲಿ ಕಳೆ ತೆಗೆದವರೇ ಇರಬಹುದು. ಪಟ್ಟಣದಲ್ಲಿ ಕೂಲಿ ಹೆಚ್ಚು, ಅದಕ್ಕೆ ಮಾತಿನ ಮದ್ದಿಲ್ಲ. ಆದರೆ ಊರಲ್ಲೇ ಉಳಿದ ಆಳುಗಳು ಒಬ್ಬರ ಹೊಲಕ್ಕೆ ಕರೆದ ಕೂಡಲೇ ಬಂದು, ಇನ್ನೊಬ್ಬರ ಹೊಲಕ್ಕೆ ನೆಪ ಹೇಳುವುದೇಕೆ? ಕೂಲಿ ಎರಡೂ ಕಡೆ ಒಂದೇ ಇರುತ್ತದಲ್ಲ!

ಇದಕ್ಕೆ ಉತ್ತರ ಹುಡುಕಲು ಮನಃಶಾಸ್ತ್ರ ನೆರವಾಗುತ್ತದೆ. ಟಿನ್ ಫ್ಯಾಕ್ಟರಿಯಿಂದ ಕೃಷ್ಣರಾಜಪುರದ ಕಡೆಗೆ ಹೋದರೆ ದೂರವಾಣಿನಗರ ಸಿಗುತ್ತದೆ. ಟೆಲಿಫೋನು ತಯಾರಿಸಲೆಂದು 1948ರಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆ ಇರುವುದು ಅಲ್ಲಿಯೇ. ದುಡಿಯುವವರ ಮನಸ್ಸನ್ನು ಕುರಿತ ಬಹು ಪ್ರಸಿದ್ಧ ಪ್ರಯೋಗಗಳು ನಡೆದದ್ದೂ ಇಂಥದೇ ಒಂದು ಟೆಲಿಫೋನು ಸಾಮಗ್ರಿಯ ಕಾರ್ಖಾನೆಯಲ್ಲಿ. ಅದು ಅಮೆರಿಕದ ಶಿಕಾಗೊ ನಗರದ ಬಳಿಯ ಹಾಥಾರ್ನ್ ಕಾರ್ಖಾನೆ. ಕಾಲ 1924ರಿಂದ 1932.

ಅಲ್ಲಿ 1927ರಲ್ಲಿ ಕೆಲವು ಹೆಣ್ಣುಮಕ್ಕಳನ್ನು ಬೇರೊಂದು ಕೋಣೆಯಲ್ಲಿ ಕೂರಿಸಿ ಬಿಡಿಭಾಗ ಜೋಡಿಸುವ ಕೆಲಸ ಕೊಟ್ಟರು. ನಡುವೆ ವಿರಾಮ ಕೊಟ್ಟರು, ಅವರ ಅಭಿಪ್ರಾಯ ಕೇಳಿದರು. ಕೆಲಸ ಏರಿತು. ತಮ್ಮನ್ನು ವಿಚಾರಿಸುವವರಿದ್ದಾರೆ ಎಂಬ ಹುರುಪಿನಿಂದಲೇ ಹೀಗಾಯಿತೆಂದು ಬಹುಕಾಲ ಹೇಳುತ್ತಿದ್ದರು. ಪೂರ್ತಿ ನಂಬಬೇಡಿ. ಹೆಚ್ಚು ಮಾತನಾಡುತ್ತಾರೆಂದು ಇಬ್ಬರನ್ನು ನಡುವೆಯೇ ಬದಲಿಸಿದ್ದರು. ಕೂಲಿಯನ್ನೂ ಆ ಸಣ್ಣ ಗುಂಪಿನ ದುಡಿಮೆಗೆ ತಕ್ಕಂತೆ ಕೊಡುತ್ತಿದ್ದರು.

ನಮಗೆ ಹೆಚ್ಚು ಉಪಯುಕ್ತವಾದುದು ಅದೇ ಕಾರ್ಖಾನೆಯ ಇನ್ನೊಂದು ಕೋಣೆಯ ಸಂಗತಿ. 1931-32ರಲ್ಲಿ ಅಲ್ಲಿ 14 ಗಂಡಾಳುಗಳ ಕೆಲಸವನ್ನು ಗಮನಿಸಲಾಯಿತು. ಗುಂಪು ಹೆಚ್ಚು ಮಾಡಿದಷ್ಟೂ ಹೆಚ್ಚು ಹಣ ಎಂಬ ಏರ್ಪಾಡಿತ್ತು. ಆದರೂ ಅವರು ದಿನಕ್ಕೆ ಇಷ್ಟೇ ಎಂದು ತಮ್ಮೊಳಗೇ ಗೆರೆ ಹಾಕಿಕೊಂಡಿದ್ದರು. ಗೆರೆ ದಾಟಿದವನನ್ನು ಹಂಗಿಸುತ್ತಿದ್ದರು, ತೋಳಿಗೊಂದು ಗುದ್ದು ಕೊಡುತ್ತಿದ್ದರು. ಅದು ಸೋಮಾರಿತನವಲ್ಲ. ಹೆಚ್ಚು ಮಾಡಿ ತೋರಿಸಿದರೆ ನಾಳೆ ದರ ಇಳಿಸುತ್ತಾರೆ, ಇಲ್ಲವೇ ಯಾರನ್ನಾದರೂ ಕೆಲಸದಿಂದ ತೆಗೆಯುತ್ತಾರೆ ಎಂಬ ಅಂಜಿಕೆ.

ಈಗ ನಿಮ್ಮ ಹೊಲಕ್ಕೆ ಬನ್ನಿ. ಒಂದು ಎಕರೆ ಕಳೆ ತೆಗೆಯಲು ಗುತ್ತಿಗೆ ಮಾತಾಡಿದಿರಿ. ಹೆಂಗಸರು ಬಿರುಸಾಗಿ ದುಡಿದು ಮಧ್ಯಾಹ್ನ ಎರಡು ಗಂಟೆಗೇ ಮುಗಿಸಿದರು. "ಅರ್ಧ ದಿನದ ಕೆಲಸಕ್ಕೆ ಇಷ್ಟೊಂದೇ?" ಎಂದು ನೀವು ಹಣ ಹಿಡಿದುಕೊಂಡಿರಿ. ಅಂದು ಉಳಿದದ್ದು ಕೆಲವೇ ರೂಪಾಯಿ. ಮರುದಿನದಿಂದ ಅದೇ ಕೆಲಸ ಸಂಜೆಯವರೆಗೆ ಎಳೆಯುತ್ತದೆ. ಚುರುಕಿನವಳೂ ಪಕ್ಕದವಳನ್ನು ನೋಡಿಕೊಂಡು ಕುಡುಗೋಲು ನಿಧಾನ ಮಾಡುತ್ತಾಳೆ. ರಾಗಿಗೆ ಮೊದಲ ನಾಲ್ಕೈದು ವಾರದ ಕಳೆಯೇ ಹೆಚ್ಚು ಕೇಡು. ಆ ದಿನಗಳಲ್ಲಿ ಆಳು ತಡವಾದರೆ ನಷ್ಟ ಯಾರಿಗೆಂದು ನೀವೇ ಲೆಕ್ಕ ಹಾಕಿ.

ಬೈಗುಳದ ವಿಷಯವೂ ಹೀಗೆಯೇ. ಎಳೆಯ ರಾಗಿಯ ನಡುವೆ ಅದನ್ನೇ ಹೋಲುವ ಹುಲ್ಲು ಬೆಳೆಯುತ್ತದೆ. ಹೊಸಬಳು ಕಳೆಯೊಡನೆ ಪೈರನ್ನೂ ಕೀಳುವುದುಂಟು. ಸಾಲಿನವರೆಲ್ಲರ ಎದುರು ಕೂಗಾಡಿದರೆ ಆಕೆ ಪೈರನ್ನು ಗುರುತಿಸಲು ಕಲಿಯುವುದಿಲ್ಲ. ಅನುಮಾನ ಬಂದ ಕಡೆ ಕಳೆಯನ್ನೂ ಬಿಟ್ಟು ಮುಂದೆ ಹೋಗುವುದನ್ನು ಕಲಿಯುತ್ತಾಳೆ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಎರಡನ್ನೂ ಕಿತ್ತು ಕೈಗಿಟ್ಟು ತೋರಿಸಿ. ಅವಳಿಗಿಂತ ಮೊದಲು ಗುರುತಿಸಬಲ್ಲ ಹಿರಿಯ ಹೆಂಗಸೊಬ್ಬಳು ಸಾಲಿನಲ್ಲಿದ್ದರೆ ಇನ್ನೂ ಒಳ್ಳೆಯದು. ಹೊಸಬಳನ್ನು ಆಕೆಯ ಮಗ್ಗುಲಿಗೆ ಹಾಕಿ.

ಈ ಹಂಗಾಮಿನ ಮೊದಲ ಕಳೆಗೆ ಆಳು ಕರೆದಾಗ ದರವನ್ನು ಎಲ್ಲರ ಎದುರು, ಕೆಲಸಕ್ಕೆ ಮೊದಲೇ ಹೇಳಿಬಿಡಿ. ಬೇಗ ಮುಗಿದರೂ ಅಷ್ಟನ್ನೇ, ಅಂದೇ ಎಣಿಸಿ ಕೊಡಿ. ಎರಡನೆಯ ಕಳೆಗೆ ಎಷ್ಟು ಮಂದಿ ತಾವಾಗಿ ಬಂದರೆಂದು ಗುರುತು ಹಾಕಿಕೊಳ್ಳಿ.